ಸಪ್ಪಳವಿಲ್ಲದ ಹಿಂದಿನ ಗಾಲಿ

ಹೋದ ತಿಂಗಳು ನಾನೊಬ್ಬ ಟೀಚರನ್ನು ರಸ್ತೆಗೆ ಬೀಳಿಸಿದೆ. ನಾನು ಅಲ್ಲಿ ಇರಲೇ ಇಲ್ಲ. ಆ ಹೊತ್ತಿಗೆ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಆದರೂ ಬೀಳಿಸಿದವನು ನಾನೇ.

ಹೇಗೆ ಅಂತೀರಾ? ಒಂದು ಬೊಟ್ಟು ಗ್ರೀಸಿನಿಂದ.

ಟೀಚರ ಹೆಸರು ಸುಮನಬಾಯಿ. ಮನೆ ಬೀದರಿನಲ್ಲಿ, ಶಾಲೆ ಜನವಾಡದಲ್ಲಿ. ನಲವತ್ತಾರನೇ ವಯಸ್ಸಿಗೆ ಸೈಕಲ್ ಕಲಿತವರು. ಮೊದಲು ಭಾನುವಾರ ಕೋಟೆಯ ಸುತ್ತ, ಆಮೇಲೆ ಧೈರ್ಯ ಬಂದು ಶಾಲೆಗೇ, ದಪ್ಪ ಟೈರಿನ ಗೇರ್ ಸೈಕಲ್ ಮೇಲೆ ಹೋಗತೊಡಗಿದರು. ಅವರ ತವರು ಸಂತಪುರ. ಚಿಕ್ಕವರಿದ್ದಾಗ ಮನೆಯ ಸೈಕಲ್ ತುಳಿಯುವುದು ಅಣ್ಣನ ಕೆಲಸವಂತೆ, ಒರೆಸುವುದು ಇವರ ಕೆಲಸವಂತೆ. ಒಂದೇ ಒಂದು ಸಲ ಮಾಂಜ್ರಾ ಹೊಳೆಯ ಸೇತುವೆ ದಾಟಿ, ಸಂತಪುರದ ಆ ಅಂಗಳದಲ್ಲಿ ಸೈಕಲ್ಲಿನಿಂದ ಇಳಿಯಬೇಕು ಅನ್ನುವುದು ಅವರ ಕನಸು. ಅದನ್ನು ಹೇಳುವಾಗ ಅವರ ದೃಷ್ಟಿ ನನ್ನ ಸೈಕಲ್ ರಿಪೇರಿ ಅಂಗಡಿಯಲ್ಲಿ ಇರುತ್ತಿರಲಿಲ್ಲ. ಎಲ್ಲೋ ತೊಗರಿ ಹೊಲಗಳ ಆಚೆ ಇರುತ್ತಿತ್ತು.

ಒಂದು ದಿನ ಅವರು ಒಂದು ದೂರು ತಂದರು. ತುಳಿಯುವುದು ನಿಲ್ಲಿಸಿದರೆ ಹಿಂದಿನ ಗಾಲಿ ಕಟಕಟ ಅನ್ನುತ್ತದೆ, ಓಣಿಯಲ್ಲಿ ಹೊರಟರೆ ಮಂದಿ ತಿರುಗಿ ನೋಡುತ್ತಾರೆ, ನಾಚಿಕೆ ಆಗುತ್ತದೆ.

ನಾನು ಏನು ಹೇಳಬೇಕಿತ್ತು? ಆ ಕಟಕಟ ರೋಗವಲ್ಲ, ಆರೋಗ್ಯ ಅಂತ. ಗಾಲಿಯ ನಡುವಿನ ಹಬ್ಬಿನೊಳಗೆ ಸ್ಪ್ರಿಂಗ್ ಹಚ್ಚಿದ ಸಣ್ಣ ಹಲ್ಲುಗಳಿರುತ್ತವೆ. ನಮ್ಮ ಕಸುಬಿನಲ್ಲಿ ಅವಕ್ಕೆ ಕುತ್ತಾ ಅನ್ನುತ್ತೇವೆ. ಪೆಡಲ್ ತುಳಿದರೆ ಕಚ್ಚಿ ಹಿಡಿಯುತ್ತವೆ, ಬಿಟ್ಟರೆ ಕಟಕಟ ಅನ್ನುತ್ತ ಜಾರುತ್ತವೆ. ಅಷ್ಟೇ.

ಆದರೆ ನನಗೆ ಕಸುಬು ಕಲಿಸಿದ ಉಸ್ತಾದ್ ಬೇರೆ ಪಾಠ ಹೇಳಿದ್ದರು. ಅವರದು ಕರಿ ಸೈಕಲ್ಲುಗಳ ಕಾಲ. ಸರ್ವಿಸ್ ಮುಗಿದ ಮೇಲೆ ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುವರು. ಚೂರು ಸಪ್ಪಳ ಬಂತೋ, ಮತ್ತೆ ಬಿಚ್ಚು ಅನ್ನುವರು. ಗಾಲಿ ಮೂಕವಾಗಿದ್ದರೇನೇ ಅವನು ಮಿಸ್ತ್ರಿ. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಉಸ್ತಾದರ ಮಾತೇ ಪುಸ್ತಕ.) ಮೂವತ್ತು ವರ್ಷದಿಂದ ನಾನೂ ಹಾಗೇ ಕಿವಿ ಇಟ್ಟು ಕೇಳಿದವನು. ಔರಾದಿನಿಂದ ಬಸ್ಸಿನ ಟಾಪಿನ ಮೇಲೆ ಸೈಕಲ್ ಹೇರಿಕೊಂಡು ಜನ ಬರುತ್ತಾರೆ ನನ್ನ ಹತ್ತಿರ. ಸುಮ್ಮನೆ ಬರುತ್ತಾರಾ?

ಟೀಚರ ಸೈಕಲ್ಲಿನ ಹಬ್ ಬಿಚ್ಚಿದೆ. ಟ್ರ್ಯಾಕ್ಟರಿಗೆ ಹಾಕುವ ಗಟ್ಟಿ ಗ್ರೀಸನ್ನು ಆ ಹಲ್ಲುಗಳ ಮೇಲೆ ತುಂಬಿದೆ. ಮುಚ್ಚಿ ತಿರುಗಿಸಿದೆ. ಗಾಲಿ ತಿರುಗಿತು, ಕಡ್ಡಿಗಳೆಲ್ಲ ಕರಗಿ ಗಾಳಿಯಂತಾದವು, ಒಂದು ಪಿಸುಮಾತೂ ಇಲ್ಲ. ನಾನು ಕಣ್ಣು ಮುಚ್ಚಿ ಕೇಳಿದೆ. ಏನೂ ಕೇಳದಿರುವುದರಲ್ಲೂ ಒಂದು ಸುಖ ಇದೆ, ನಿಮಗೆ ಗೊತ್ತೇ?

ಎರಡು ದಿನ ಬಿಟ್ಟು ಟೀಚರ್ ಸೈಕಲ್ ತಳ್ಳಿಕೊಂಡು ಕುಂಟುತ್ತ ಬಂದರು. ಚಳಿಯ ಬೆಳಗು, ಜನವಾಡದ ಇಳಿಜಾರು, ತುಳಿಯದೆ ಇಳಿದಿದ್ದಾರೆ. ಕೆಳಗೆ ಬಂದು ತುಳಿದರೆ ಪೆಡಲ್ ನೀರಿನಲ್ಲಿ ಕಾಲಿಟ್ಟಂತೆ ಪೊಳ್ಳು. ಗಾಬರಿಯಲ್ಲಿ ಇನ್ನೂ ಜೋರಾಗಿ ತುಳಿದಾಗ ತಟ್ಟನೆ ಕಚ್ಚಿಕೊಂಡಿದೆ. ಬಿದ್ದಿದ್ದಾರೆ. ಮೊಣಕಾಲು ತರಚಿದೆ.

ಅವರು ಅಂಗಡಿಗೆ ಬಂದಾಗ ಮಧ್ಯಾಹ್ನ. ಬಿಸಿಲು ಚುರುಗುಟ್ಟುತ್ತಿತ್ತು. ನಾನು ರಿಮ್ಮು ಹಿಡಿದು ಅತ್ತಿತ್ತ ಅಲ್ಲಾಡಿಸಿದೆ, ಸಡಿಲ ಇಲ್ಲ. ತಿರುಗಿಸಿದೆ, ಗರಗರ ಇಲ್ಲ, ಅಂದರೆ ಒಳಗಿನ ಗುಂಡುಗಳು ನೆಟ್ಟಗಿವೆ. ಚೈನ್ ಸವೆದಿಲ್ಲ. ಓಣಿಯಲ್ಲಿ ಎದ್ದು ನಿಂತು ತುಳಿದೆ, ಕಲ್ಲಿನಂತೆ ಹಿಡಿಯಿತು. ವಾಪಸ್ ಬಂದು ದೊಡ್ಡ ಡಾಕ್ಟರನಂತೆ ಕೈ ಒರೆಸಿಕೊಂಡೆ.

"ಗಾಡ್ಯಾಗ ಏನೂ ಇಲ್ರಿ ಟೀಚರ್. ಗೇರ್ ನೀವೇ ತಪ್ಪ ಹಾಕೀರಿ."

"ಇರಬಹುದ್ರಿ ಅಣ್ಣಾ," ಅಂದರು ಅವರು. "ಈ ವಯಸ್ಸಿನಾಗ ನನಗ ಯಾಕ ಬೇಕಿತ್ತು ಇದು."

ಸೈಕಲ್ ಅಲ್ಲೇ ಬಿಟ್ಟರು. ಯಾರಾದರೂ ಕೇಳಿದರೆ ಕೊಟ್ಟುಬಿಡಿ ಅಂದರು. ಮರುದಿನದಿಂದ ಬಸ್ ಸ್ಟ್ಯಾಂಡಿಗೆ ನಡೆದು ಹೋಗತೊಡಗಿದರು, ನನ್ನ ಅಂಗಡಿಯ ಮುಂದಿನಿಂದಲೇ. ಒಳಗೆ ನೋಡುತ್ತಿರಲಿಲ್ಲ.

ಮೂರು ವಾರ ಕಳೆಯಿತು. ಭಾಲ್ಕಿಯವರೊಬ್ಬರು ಫೋನ್ ಮಾಡಿ ಹಳೆಯ ಗೇರ್ ಸೈಕಲ್ ಇದೆಯೇ ಅಂದರು. ಇದೆ, ನಾಳೆ ಮಧ್ಯಾಹ್ನ ಬಂದು ನೋಡಿ ಅಂದೆ. ಕೈ ಬದಲಾಗುವ ಗಾಡಿಯನ್ನು ಒಮ್ಮೆ ಓಡಿಸಿ ನೋಡದೆ ನಾನು ಕೊಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಬೇಗ ಎದ್ದು, ಮಫ್ಲರ್ ಸುತ್ತಿಕೊಂಡು, ಜನವಾಡದ ರಸ್ತೆ ಹಿಡಿದೆ.

ಆ ಬೆಳಗನ್ನು ಹೇಗೆ ಹೇಳಲಿ? ಇಳಿಜಾರಿನ ಕೆಳಗೆ ಊರುಗಳೇ ಇರಲಿಲ್ಲ, ಬರೀ ಮಂಜು. ಅದರೊಳಗಿನಿಂದ ಒಂದು ಬೇವಿನ ಮರದ ತಲೆ ಮಾತ್ರ ತೇಲುತ್ತಿತ್ತು. ಕಾಲು ನಿಲ್ಲಿಸಿ ಗಾಡಿಯನ್ನು ಅದರ ಪಾಡಿಗೆ ಬಿಟ್ಟೆ. ಗಾಲಿ ಸಪ್ಪಳ ಮಾಡಲಿಲ್ಲ. ನಾನು ಇಳಿಯುತ್ತಿದ್ದೇನೋ, ಮಂಜೇ ಮೇಲಕ್ಕೆ ಬರುತ್ತಿದೆಯೋ ತಿಳಿಯದು. ಈ ವಯಸ್ಸಿಗೆ ಇಂಥದ್ದೊಂದು ಸಿಕ್ಕ ಮೇಲೆ ಆ ಹೆಂಗಸು ಸಂತಪುರದ ತನಕ ಕನಸು ಕಂಡದ್ದರಲ್ಲಿ ಏನು ಹೆಚ್ಚು ಅನ್ನಿಸಿತು.

ಕೆಳಗೆ ರಸ್ತೆ ಸಪಾಟಾಯಿತು. ತುಳಿದೆ.

ಪೊಳ್ಳು.

ಮತ್ತೆ ತುಳಿದೆ. ಪೆಡಲ್ ಗರ್ರನೆ ತಿರುಗಿತು, ಗಾಲಿಗೆ ಸುದ್ದಿಯೇ ಮುಟ್ಟಲಿಲ್ಲ. ಆಮೇಲೆ ತಟ್ಟನೆ ಕಚ್ಚಿ, ನನ್ನ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಗೇರನ್ನು ನಾನು ಮುಟ್ಟಿಯೂ ಇರಲಿಲ್ಲ.

ಇಳಿದು ಕಲ್ಲಿನ ಮೇಲೆ ಕುಳಿತೆ. ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ, ಬಗದಲ್ ಕಡೆಯವನು, ನನ್ನನ್ನು ಬಲ್ಲವನು, ನಿಂತು ನೋಡಿದ.

"ಏನ್ ಮಿಸ್ತ್ರಿ, ಊರ ಮಂದಿ ಗಾಡಿ ನೀ ಮಾಡ್ತಿ. ನಿಂದ್ಯಾರ ಮಾಡಬೇಕು?"

"ಗಾಡಿ ನಂದಲ್ಲ."

"ಕೆಡಿಸಿದಾಂವ ಯಾರು ಮತ್ತ?"

ಉತ್ತರ ಬೇಕಿರಲಿಲ್ಲ ಅವನಿಗೆ. ಕುರಿಗಳ ಹಿಂದೆ ಮಂಜಿನೊಳಗೆ ಹೋದ. ನನಗೆ ಬೇಕಿತ್ತು.

ಸೂರ್ಯ ಮೇಲೆ ಬಂದ. ಸೈಕಲ್ಲನ್ನು ಬಿಸಿಲಿಗೆ ಮಲಗಿಸಿ ಒಂದು ತಾಸು ಕಾದೆ. ಮತ್ತೆ ತುಳಿದೆ. ಹಿಡಿಯಿತು, ಕಲ್ಲಿನಂತೆ. ಅಷ್ಟೇ, ರೋಗ ಸಿಕ್ಕಿತು. ತುಳಿಯದೆ ಇಳಿಯುವಾಗ ಒಳಗೆ ಮಡಚಿದ ಹಲ್ಲುಗಳನ್ನು ಚಳಿಗೆ ಗಟ್ಟಿಯಾದ ಗ್ರೀಸು ಹಾಗೇ ಅಂಟಿಸಿಕೊಂಡು ಮಲಗಿಸುತ್ತದೆ, ಬಿಸಿಲಿಗೆ ಕರಗಿ ಬಿಡುತ್ತದೆ. ನಾನು ಪರೀಕ್ಷೆ ಮಾಡಿದ್ದು ಮಧ್ಯಾಹ್ನ. ಟೀಚರ್ ಬಿದ್ದದ್ದು ಬೆಳಿಗ್ಗೆ. ಮಧ್ಯಾಹ್ನದ ಸತ್ಯವನ್ನು ಬೆಳಗಿನ ತಲೆಗೆ ಕಟ್ಟಿದ್ದೆ.

ಇಳಿಜಾರನ್ನು ಸೈಕಲ್ ತಳ್ಳಿಕೊಂಡೇ ಹತ್ತಿದೆ. ತುಳಿಯಬಹುದಿತ್ತು. ಮನಸ್ಸಾಗಲಿಲ್ಲ. ಅಂಗಡಿಗೆ ಬಂದು ಭಾಲ್ಕಿಯವರಿಗೆ ಬರಬೇಡಿ ಅಂತ ಫೋನ್ ಮಾಡಿದೆ. ಹಬ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಗ್ರೀಸೆಲ್ಲ ತೊಳೆದೆ. ಒಂದೊಂದು ಹಲ್ಲನ್ನೂ ಉಗುರಿನಿಂದ ಒತ್ತಿ ನೋಡಿದೆ, ಟಪ್ ಅಂತ ಎದ್ದು ನಿಲ್ಲಬೇಕು. ಹೊಲಿಗೆ ಮಷಿನ್ನಿನ ತೆಳು ಎಣ್ಣೆ ನಾಲ್ಕು ಹನಿ ಬಿಟ್ಟು ಮುಚ್ಚಿದೆ. ಮರುದಿನ ಅದೇ ಚಳಿಯಲ್ಲಿ ಅದೇ ಇಳಿಜಾರಿನಲ್ಲಿ ಮೂರು ಸಲ ಇಳಿದು ತುಳಿದೆ. ಮೂರು ಸಲವೂ ಹಿಡಿಯಿತು. ಕಟಕಟ ಅಂತೂ ಊರಿಗೇ ಕೇಳುವಂತಿತ್ತು.

ಅಲ್ಲಿಂದ ಸೀದಾ ಟೀಚರ ಮನೆಗೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಹೇಳುವುದು ಕಷ್ಟವಾಯಿತು. ಮೂವತ್ತು ವರ್ಷದಲ್ಲಿ ಗಿರಾಕಿಯ ಮುಂದೆ ಈ ಮಾತು ನಾನು ಆಡಿದ್ದು ಅದೇ ಮೊದಲು.

"ತಪ್ಪ ನಿಮ್ಮದಲ್ರಿ ಟೀಚರ್. ನಂದು."

ಗ್ರೀಸಿನ ಕಥೆಯೆಲ್ಲ ಹೇಳಿದೆ. ಪೂರ್ತಿ ಕೇಳಿದರು. ನಗುತ್ತಾರೆ, ಇರಲಿ ಬಿಡಿ ಅನ್ನುತ್ತಾರೆ ಅಂದುಕೊಂಡಿದ್ದೆ.

"ಮೂರು ವಾರ ನಾ ನನ್ನ ಕಾಲಿಗೆ ಬೈಕೋತ ಕುಂತೇನ್ರಿ ಅಣ್ಣಾ," ಅಂದರು. "ಅದನ್ನ ಹ್ಯಾಂಗ ರಿಪೇರಿ ಮಾಡ್ತೀರಿ?"

ನನ್ನ ಹತ್ತಿರ ನಟ್ಟು ಬಿಚ್ಚಲು ಎಲ್ಲ ಅಳತೆಯ ಪಾನಾಗಳಿವೆ. ಅದಕ್ಕೊಂದು ಇರಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದೆ. ನಾಲ್ಕು ದಿನ ಅದು ಅಲ್ಲೇ ಇತ್ತು. (ಆ ಓಣಿಯಲ್ಲಿ ನನಗೆ ದಿನಾ ಏನೋ ಕೆಲಸ ಬೀಳುತ್ತಿತ್ತು ಅಂತಿಟ್ಟುಕೊಳ್ಳಿ.) ಐದನೆಯ ದಿನ ಗೋಡೆ ಖಾಲಿ ಇತ್ತು. ಎಲ್ಲಿಗೆ ಹೋದರೋ ನಾನು ಕೇಳಲಿಲ್ಲ, ಕೇಳುವ ಹಕ್ಕೂ ನನಗಿಲ್ಲ.

ನಾನು ಗೇರಿನ ನೆಪ ಹೇಳಿ ಪಾರಾಗಿದ್ದೆ. ನೀವು ನಿಮ್ಮ ತಪ್ಪನ್ನು ಯಾರ ಕಾಲಿಗೆ ಕಟ್ಟಿ ಕಳಿಸಿದ್ದೀರಿ?