ನಾಲ್ಕು ಮಿಲಿಮೀಟರ್ ಬಿಟ್ಟುಕೊಡದ ಟೇಪಮ್ಮ

ಸೂರ್ಯ ಇನ್ನೂ ಗುಡ್ಡದ ಹಿಂದೆ ಆಕಳಿಸುತ್ತಿದ್ದಾನೆ. ಟೇಪಮ್ಮ ಆಗಲೇ, ಅಳತೆಗೆಂದು ಗುರುತು ಹಾಕಿದ ಹದಿನೇಳನೇ ತುಂಡುಕಾಡಿನ ಮೂರನೇ ಮರವನ್ನು ತಬ್ಬಿ ನಿಂತಿದ್ದಾರೆ. ಪ್ರೀತಿಗಲ್ಲ, ಟೇಪಿನ ತುದಿ ಆಚೆ ಬದಿಯಿಂದ ಕೈಗೆ ಸಿಗಬೇಕಲ್ಲ. ಕೆನ್ನೆ ತೊಗಟೆಗೆ ಒತ್ತಿದೆ, ಎಡಗೈ ತಡಕಾಡುತ್ತಿದೆ. ಸಿಕ್ಕಿತು. ಕೆಂಪು ಬಣ್ಣದ ಗೆರೆಯ ಮೇಲೆ ಟೇಪು ಕೂರಿಸಿ, ಕಣ್ಣು ಕಿರಿದಾಗಿಸಿ ಓದುತ್ತಾರೆ: "ನೂರ ಹನ್ನೆರಡು ಪಾಯಿಂಟ್ ಆರು." ಹೋದ ವರ್ಷ ಇದೇ ಮರದ ಸುತ್ತಳತೆ ನೂರ ಹದಿಮೂರು ಸೆಂಟಿಮೀಟರ್ ಇತ್ತು. ನಾಲ್ಕು ಮಿಲಿಮೀಟರ್ ಕಡಿಮೆ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುತ್ತಾರೆ.

ಜಗಳವೆಲ್ಲ ಈ ನಾಲ್ಕು ಮಿಲಿಮೀಟರಿನದೇ.

ಐವತ್ತೆರಡು ದಾಟಿದ ಇವರಿಗೆ ಹೆತ್ತವರಿಟ್ಟ ಹೆಸರು ಊರಿಗೆ ಮರೆತೇಹೋಗಿದೆ. ಹಿಂದೆ ಇದೇ ಕಾಡಿನ ಸೌದೆ ಹೊತ್ತು ಮಾರುತ್ತಿದ್ದರು. ಕಾಡು ಉಳಿಸಿದರೆ ದೂರದೇಶದ ಕಂಪನಿಯೊಂದು ಊರಿಗೆ ವರ್ಷವರ್ಷ ಹಣ ಕೊಡುತ್ತದೆಂಬ ಒಪ್ಪಂದ ಬಂದಾಗ ಕತ್ತಿಯನ್ನು ಗೋಡೆಗೆ ಸಿಕ್ಕಿಸಿ ಟೇಪು ಹಿಡಿದರು. ಹನ್ನೊಂದು ವರ್ಷವಾಯಿತು. ದಿನಕ್ಕೆ ಅರವತ್ತು ಮರ. ಆ ಕಂಪನಿಯ ಕಾರ್ಖಾನೆಯ ಚಿಮಣಿಗಳು ಉಗುಳುವ ಹೊಗೆಯನ್ನು ಇಲ್ಲಿನ ಮರ ಎಷ್ಟು ನುಂಗಿತು ಎಂಬುದಕ್ಕೆ ಮರದ ದಪ್ಪವೇ ಸಾಕ್ಷಿ. ಅಜ್ಜಿಕಥೆಯ ರಾಕ್ಷಸನ ಜೀವ ಏಳು ಕಡಲಾಚೆಯ ಗಿಳಿಯಲ್ಲಿರುವಂತೆ, ಆ ಕಾರ್ಖಾನೆಯ ಮಾನ ಈ ಟೇಪಿನಲ್ಲಿದೆ. ನಡುವೆ ಊರಿನ ಅರಣ್ಯ ಸಂಘ, ಪಟ್ಟಣದ ಟ್ರಸ್ಟು, ಅದರಾಚೆ ಅಂಕಿಗಳನ್ನು ಪರಿಶೀಲಿಸುವ ವಿದೇಶಿ ಸಂಸ್ಥೆ. "ಅಷ್ಟೂ ಕಡೆ ಕುರ್ಚಿಗಳಿವೆ. ಮರ ಮುಟ್ಟೋಳು ಮಾತ್ರ ನಾನೊಬ್ಬಳೇ," ಎನ್ನುತ್ತಾರೆ.

ಈ ಸಲದ ಬೇಸಿಗೆ ಕಡುಪಾಪಿ. ಹದಿನೇಳನೇ ತುಂಡಿನ ಅರವತ್ತು ಮರಗಳಲ್ಲಿ ನಲವತ್ತಮೂರು ನೀರಿಲ್ಲದೆ ಕೂದಲೆಳೆಯಷ್ಟು ಸೊರಗಿವೆ. ಆದರೆ ವಿದೇಶಿ ಸಂಸ್ಥೆಯ ಕಂಪ್ಯೂಟರಿಗೆ ಮರವೂ ಸೊರಗುತ್ತದೆಂದು ಯಾರೂ ಹೇಳಿಕೊಟ್ಟಿಲ್ಲ. ಹೋದ ವರ್ಷಕ್ಕಿಂತ ಕಡಿಮೆ ಅಂಕಿ ಕಂಡರೆ ಅಳತೆ ತುಂಬಿದ ನಮೂನೆಯನ್ನೇ ವಾಪಸ್ ಎಸೆಯುತ್ತದೆ. ಮೂರು ಸಲ ಎಸೆದಾಗಿದೆ; ಇವತ್ತಿನದು ನಾಲ್ಕನೇ ಅಳತೆ. ಸೋಮವಾರದೊಳಗೆ 'ಸರಿಯಾದ' ಅಂಕಿ ಹೋಗದಿದ್ದರೆ ಊರಿನ ಪಾಲಿನ ಹಣಕ್ಕೆ ತಡೆ. ಟೇಪು ಬೇರೆಯವರ ಕೈಗೆ.

"ಬೆಳಗಿನ ಜಾವ ಮರ ರಾತ್ರಿಯೆಲ್ಲ ನೀರು ಕುಡಿದು ತುಂಬ್ಕೊಂಡಿರುತ್ತೆ. ಹೊಟ್ಟೆ ತುಂಬಿದ ಹೊತ್ತಲ್ಲೇ ಅಳೆದಿದ್ದೀನಿ. ಆಗಲೂ ಕಮ್ಮಿ ಬಂದ್ರೆ ನಾನೇನು ಮಾಡ್ಲಿ, ಊದ್ಲಾ?" ಎನ್ನುತ್ತಾರೆ ಟೇಪಮ್ಮ.

ಅಳತೆ ಮುಗಿಸಿ ಮನೆಗೆ ಬಂದರೆ ಜಗಲಿಯಲ್ಲಿ ಅರಣ್ಯ ಸಂಘದ ಕಾರ್ಯದರ್ಶಿ ಕಾದು ಕೂತಿದ್ದಾನೆ. ವರಸೆಯಲ್ಲಿ ತಮ್ಮ.

"ಅಕ್ಕಾ, ಎಲ್ಲಕ್ಕೂ ಒಂದೊಂದು ಸೆಂಟಿಮೀಟರ್ ಸೇರಿಸಿಬಿಡು. ಮರ ಏನು ಬಂದು ಜಗಳ ಆಡುತ್ತಾ?"

"ಮುಂದಿನ ವರ್ಷ ನಾನು ಅಳೆಯೋದು ಮರಾನಾ, ನಿನ್ನ ಸುಳ್ಳನ್ನಾ?"

"ಆ ದುಡ್ಡು ಬರದೆ ಶಾಲೆಯ ಮಾಡು ಹೆಂಚಿಲ್ಲದೆ ಅರ್ಧಕ್ಕೆ ನಿಂತಿದೆ. ಊರವರು ನನ್ನ ಜನ್ಮ ಜಾಲಾಡ್ತಾರೆ."

"ಆ ಮಾಡಿನ ಕೆಳಗೆ ನನ್ನ ಮೊಮ್ಮಗಳೂ ಕೂರೋದು. ಒಂದು ಸಲ ಸುಳ್ಳು ಸಿಕ್ಕಿಬಿದ್ರೆ ಇನ್ನು ಯಾವ ವರ್ಷದ ಅಂಕಿ ನಂಬ್ತಾರೆ? ಕಾಡೂ ಹೋಯ್ತು, ಮಾಡೂ ಹೋಯ್ತು."

ಒಳಗಿನಿಂದ ಗಂಡನ ದನಿ: "ಅವಳ ಹತ್ರ ವಾದ ಬೇಡ ಕಣೋ. ಮೂವತ್ತು ವರ್ಷದಲ್ಲಿ ನಾನೇ ಒಂದು ಮಿಲಿಮೀಟರ್ ಜರುಗಿಸೋಕಾಗಿಲ್ಲ."

ಟೇಪಮ್ಮ ತಪ್ಪೇ ಮಾಡದವರಲ್ಲ. ಮೊದಲ ವರ್ಷ ಇಪ್ಪತ್ತೊಂಬತ್ತು ಮರಗಳನ್ನು ಹಬ್ಬಿದ್ದ ಬಳ್ಳಿ ಸಮೇತ ಅಳೆದಿದ್ದರು. ಗೊತ್ತಾದ ದಿನವೇ ಬಸ್ಸು ಹತ್ತಿ ಟ್ರಸ್ಟಿಗೆ ಹೋಗಿ, ನಮೂನೆ ವಿದೇಶಕ್ಕೆ ಹೋಗುವ ಮೊದಲೇ ಅಂಕಿ ಇಳಿಸಿ ಬಂದರು. "ಆವತ್ತು ಕಮ್ಮಿ ಮಾಡಿದ್ದಕ್ಕೆ ಶಭಾಷ್ ಅಂದ್ರು. ಇವತ್ತು ಕಮ್ಮಿ ಇದೆ ಅಂದ್ರೆ ಕಣ್ಣು ಕೆಂಪು."

ನಾಲ್ಕನೇ ನಮೂನೆ ತೊಡೆಯ ಮೇಲಿದೆ. ಕಾರ್ಯದರ್ಶಿ ಪೆನ್ಸಿಲ್ ಚಾಚುತ್ತಾನೆ. ಅವರು ಅದನ್ನು ಅವನ ಜೇಬಿಗೇ ಸಿಕ್ಕಿಸಿ, ಪೆನ್ನು ತೆಗೆದು ನಲವತ್ತಮೂರೂ ಅಂಕಿಗಳನ್ನು ಮತ್ತೆ ಹಾಗೇ ಬರೆಯುತ್ತಾರೆ. ಕೊನೆಗೆ ಷರಾ ಕಾಲಮ್ಮಿನಲ್ಲಿ ಎರಡು ಸಾಲು: 'ಮರಕ್ಕೆ ಬಾಯಾರಿದೆ. ಬಂದು ನೋಡಿ.'

"ಬರ್ತಾರಾ ಅಕ್ಕಾ ಅವರು?"

"ಬರ್ಲಿ ಅಂತಾನೇ ನನ್ನಾಸೆ," ಎನ್ನುತ್ತಾ ಟೇಪು ಸುತ್ತುತ್ತಾರೆ. "ಟೀ ನಾನೇ ಕೊಡ್ತೀನಿ. ಟೇಪಿನ ಆ ತುದಿ ಹಿಡ್ಕೊಳ್ಳೋಕೆ ಹನ್ನೊಂದು ವರ್ಷದಿಂದ ಒಬ್ಬರು ಬೇಕಿತ್ತು."