ಮೇಲೇಳದ ಬಲಗೈ

"ಎರಡೂ ಕೈ ಎತ್ತಿ ಮಂದಿಗೆ ನಮಸ್ಕಾರ ಮಾಡವಾ" ಎಂದರು ನನ್ನ ಹಳೆಯ ಕೋಚ್, ಕಲಘಟಗಿಯ ಸನ್ಮಾನ ವೇದಿಕೆಯಲ್ಲಿ. ನಾನು ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್ ಆಗಿದ್ದೆ. ಭುಜದ ಸ್ನಾಯು ಹರಿದಿದ್ದರೂ ನೋವು ಮರೆಸುವ ಸೂಜಿ ಮಾಡಿಸಿ ಅವರು ನನ್ನನ್ನು ಆಡಿಸಿದರು. ಎರಡು ಆಪರೇಷನ್ ಆದ ಮೇಲೆ ಆಟವೇ ಮುಗಿಯಿತು. ಈಗ ಬಲಗೈ ಎದೆಯಿಂದ ಮೇಲೇಳುವುದಿಲ್ಲ. ಅದು ಅವರಿಗೂ ಗೊತ್ತು.

ಮೈಕ್ ಕಸಿದುಕೊಂಡು, "ಈ ಕೈ ಏಳಂಗಿಲ್ರಿ. ಸೂಜಿ ಮಾಡ್ಸಿ ಆಡ್ಸಿ ಇದನ್ನ ಹಾಳ ಮಾಡಿದವ್ರು ಇವರೇ" ಎಂದೆ. ಶಾಲನ್ನು ಕುರ್ಚಿಯ ಮೇಲೆ ಎಸೆದು ಇಳಿದೆ. ಮೆಟ್ಟಿಲ ಬಳಿ ಬಮ್ಮಿಗಟ್ಟಿ ಊರಿನ ತಾಯಿಯೊಬ್ಬಳು, ಈಗ ಅದೇ ಕೋಚ್ ಬಳಿ ಆಡುವ ಮಗಳ ಕೈ ಹಿಡಿದು ನಿಂತಿದ್ದಳು. "ಇಕಿಗೂ ನಿನ್ನೆ ಸೂಜಿ ಮಾಡ್ಸ್ಯಾರ್ರಿ" ಎಂದಳು.

ಕೋಚ್ ಮೇಲಿನ ಸಿಟ್ಟನ್ನು ಮೈಕಿನಲ್ಲಿ ಹೇಳಿಬಿಟ್ಟೆ. ಇಷ್ಟು ವರ್ಷ ಸುಮ್ಮನಿದ್ದುದಕ್ಕೆ ನನ್ನ ಮೇಲೆಯೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ.