ಸ್ಟೀಮರಿಗೆ ಹಚ್ಚಿದ ಕುಂಕುಮ

ಹಡಗುಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಅಲ್ಪ. ಈ ಬರಹದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು.

ಟೊರಾಂಟೊ ದ್ವೀಪಕ್ಕೆ ಹೊರಟ ಪಕ್ಕದ ದೊಡ್ಡ ಚಕ್ರದಿಂದ ನೀರು ತಳ್ಳುತ್ತ ಸಾಗುವ ಹಳೆಯ ಸ್ಟೀಮರಿನ ಮುಂದೆ ಅವ್ವ ಕಟ್ಟೆಯಲ್ಲೇ ನಿಂತುಬಿಟ್ಟಳು. ಕೃಷ್ಣಾ ನದಿಯಲ್ಲಿ ದೋಣಿ ಮಗುಚಿ ನನ್ನ ತಮ್ಮ ತೀರಿಕೊಂಡಂದಿನಿಂದ ಅವಳು ನೀರಿನ ಹತ್ತಿರ ಸುಳಿದಿಲ್ಲ. ನನ್ನ ಮಗಳಿಗೂ ಈಜು ಕಲಿಯಲು ಬಿಟ್ಟಿಲ್ಲ.

“ಅಜ್ಜಿ, ಪ್ಲೀಸ್, ಇಟ್ಸ್ ಸೇಫ್,” ಎಂದಳು ಮಗಳು.

ಅವ್ವ ಚೀಲದಿಂದ ಕುಂಕುಮ ತೆಗೆದು, ಹೊಸ ಟ್ರ್ಯಾಕ್ಟರಿಗೆ ಹಚ್ಚುವಂತೆ ಆ ದೊಡ್ಡ ಚಕ್ರದ ಹೊದಿಕೆಗೆ ಹಚ್ಚಿ, “ಜ್ವಾಕಿಲೆ ಒಯ್ದು ಜ್ವಾಕಿಲೆ ತಂದು ಬಿಡವ್ವಾ,” ಎಂದಳು. ಹಡಗಿನ ನೌಕರ ಗದರಿಸಿಯಾನೆಂದು ನಾನು ಹೆದರಿದೆ. ಅವನು ಟೋಪಿ ತೆಗೆದು ಹಣೆ ಒಡ್ಡಿದ.

“ಇವಗೂ ಅಂಜಿಕಿ ಐತಿ ನೋಡು,” ಎನ್ನುತ್ತ ಅವನಿಗೂ ಹಚ್ಚಿ ಅವ್ವ ಹಡಗು ಹತ್ತಿದಳು.

ಮುಂದಿನ ವಾರ ಮಗಳು ಈಜಿನ ತರಗತಿಗೆ ಸೇರಿದಳು, ಕರೆದೊಯ್ಯುವವಳು ಅವ್ವ.